ಸ್ಮಶಾನದಲ್ಲಿ ಗೂಬೆ ಹುಡುಕಿದ ಮೇಷ್ಟ್ರು

ಭಾನುವಾರ, ಮಾರ್ಚ್ ೧೦.

ಗಣಿತದ ಮೇಷ್ಟ್ರ ಮುಖ ಕಣ್ಣಿಂದ ಹೋಗುತ್ತಿಲ್ಲ. ಹೋಗುವುದೂ ಬೇಡ.

ಬೆಳಿಗ್ಗೆ ನಮ್ಮೂರಿನ ಇನ್ನೂರು ವರ್ಷದ ಹಳೆಯ ಸ್ಮಶಾನದಲ್ಲಿ ಹಕ್ಕಿ, ಅಳಿಲು ನೋಡುತ್ತಾ ಕೂತಿದ್ದೆ. ಮೇಷ್ಟ್ರು ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದರು. ಎರಡು ವರ್ಷ ಅವರ ಬಾಯಲ್ಲಿ ನನ್ನ ಹೆಸರೇ ಬರಲಿಲ್ಲ, ಬರೀ ‘ಗೂಬೆ’. ಅದಕ್ಕೇ ನಾನು ಶಾಲೆ ಬಿಟ್ಟದ್ದು. ಇವತ್ತು ಅವರಿಗೆ ನನ್ನ ಗುರುತೂ ಸಿಗಲಿಲ್ಲ.

“ಏನಮ್ಮಾ, ಇಲ್ಲೊಂದು ಗೂಬೆ ಇದೆಯಂತಲ್ಲ, ಎಲ್ಲಿ?”

“ನಿಮ್ಮ ಎದುರಿಗೇ ಕೂತಿದೆ ಸಾರ್. ಎಂಟನೇ ಕ್ಲಾಸು, ಕೊನೇ ಬೆಂಚು.”

ಮಕ್ಕಳು ಗೊಳ್ಳೆಂದು ನಕ್ಕರು. ಮೇಷ್ಟ್ರು ಇಂಗು ತಿಂದ ಮಂಗನಂತಾದರು.

ನಿಜವಾದ ಗೂಬೆ ಅವರ ಬೆನ್ನ ಹಿಂದಿನ ಗೋರಿಯ ಬಿರುಕಿನಲ್ಲಿ ಎರಡು ಮರಿಗಳೊಂದಿಗೆ ಕೂತಿತ್ತು. ತೋರಿಸಲಿಲ್ಲ. ಮಕ್ಕಳಿಗೆ ಮೋಸವಾಯಿತು, ಒಪ್ಪುತ್ತೇನೆ. ಪಶ್ಚಾತ್ತಾಪವಿದೆಯೇ ಎಂದು ಒಳಗೆಲ್ಲಾ ಹುಡುಕಿದೆ. ಆ ಮಾತನ್ನು ಇನ್ನೊಂದು ಸಲ ಅನ್ನಬೇಕೆಂಬ ಆಸೆ ಮಾತ್ರ ಸಿಕ್ಕಿತು.