ಚಿಲಕಕ್ಕೆ ಕಟ್ಟಿದ ಹಡಗು

ಸವದತ್ತಿ
೯ ನವೆಂಬರ್ ೧೯೯೮, ಸೋಮವಾರ

ನಮ್ಮ ಮನೆಯ ಯಜಮಾನರಿಗೆ ವಿಜಯಳ ನಮಸ್ಕಾರಗಳು. (ಗಂಡನ ಹೆಸರು ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಲಕೋಟೆಯ ಮೇಲೆ ಬರೆದದ್ದು ಅಂಚೆಯವರ ಸಲುವಾಗಿ. ಅದರ ಪಾಪ ಅವರಿಗೆ.)

ಸಮಸ್ತ ಸವದತ್ತಿ ಪಟ್ಟಣಕ್ಕೂ, ಸುತ್ತಲಿನ ಹಳ್ಳಿಗಳಿಗೂ, ಗುಡ್ಡಕ್ಕೆ ಬಂದು ಹೋಗುವ ಭಕ್ತಾದಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆಯ ಮುಂಬಾಗಿಲನ್ನು ಇಂದು ಮುಂಜಾನೆ ತೆರೆಯಲಾಯಿತು. ತೆರೆದವಳು ನಾನು. ಬಾಗಿಲು ಕರಕರ ಎಂದು ಕಿರುಚಿತು, ಆದರೂ ತೆರೆಯಿತು. ಹೊಸ್ತಿಲಿನ ಆಚೆ ಓಣಿ ಇದ್ದಲ್ಲಿಯೇ ಇದೆ. ಎದುರು ಮನೆಯ ಸುಂದರವ್ವ ಕೈಯಲ್ಲಿನ ಕಸಬರಿಗೆ ಒಗೆದು, "ಅಯ್ಯ, ಯಾರರೆ ಸತ್ತಾರೇನ ವಿಜಯಾ?" ಎಂದು ಓಡಿ ಬಂದಳು. ಯಾರೂ ಸತ್ತಿಲ್ಲ, ಹಡಗು ಮುಗಿಯಿತು ಎಂದೆ. ಆಕೆಗೆ ತುಸು ನಿರಾಸೆಯಾದಂತೆ ಕಂಡಿತು.

ಹೌದು, ಹಡಗು ಮುಗಿಯಿತು. ನಿಂತುಕೊಂಡು ಓದುತ್ತಿದ್ದರೆ ದಯವಿಟ್ಟು ಕುಳಿತುಕೊಳ್ಳಿ.

ನೀವು ಕಚೇರಿಯವರು. ಹಿನ್ನೆಲೆ ಬರೆಯದ ಕಾಗದ ನಿಮ್ಮ ಮೇಜಿನಿಂದ ಮುಂದೆ ಹೋಗುವುದಿಲ್ಲ. ಆದ್ದರಿಂದ ನಿಮಗೆ ಗೊತ್ತಿದ್ದದ್ದನ್ನೇ ಮತ್ತೆ ಬರೆಯುತ್ತಿದ್ದೇನೆ. ಮದುವೆಯಾದ ವರ್ಷ ಕಾರವಾರಕ್ಕೆ ಹೋದಾಗ ನಾನು ಸಮುದ್ರ ನೋಡಿದೆ, ನೀವು ಗಾಜಿನ ಪೆಟ್ಟಿಗೆಯೊಳಗೆ ಮೂರು ಕಂಬದ ಹಾಯಿಹಡಗಿನ ಮಾದರಿ ನೋಡಿದಿರಿ. ಊರಿಗೆ ಬಂದವರೇ ಸಾಗವಾನಿ ತುಂಡಿನಲ್ಲಿ ಮೊಳದುದ್ದದ ಹಡಗು ಕೆತ್ತಿದಿರಿ. ಒಡಲು ಚೆಂದ, ಕಂಬ ಚೆಂದ. ಹಗ್ಗಕ್ಕೆ ಬಂದು ನಿಂತಿತು. ಹೊಲಿಗೆಯ ದಾರ ಕಟ್ಟಿದರೆ ದಾರದಂತೆಯೇ ಕಾಣುತ್ತದೆ, ಸಣ್ಣ ಹಡಗಿಗೆ ಸಣ್ಣ ಹಗ್ಗವನ್ನೇ ಹೊಸೆಯಬೇಕು ಎಂದಿರಿ. ಮೂರು ಎಳೆಗಳನ್ನು ಬೇರೆಬೇರೆಯಾಗಿ ಬಲಕ್ಕೆ ಹುರಿಮಾಡುವುದು, ಆಮೇಲೆ ಮೂರನ್ನೂ ಕೂಡಿಸಿ ಎಡಕ್ಕೆ ಹೊಸೆಯುವುದು. ಒಂದರ ಸಿಟ್ಟನ್ನು ಇನ್ನೊಂದು ಹಿಡಿದುಕೊಂಡು ಹುರಿ ಬಿಚ್ಚದೆ ನಿಲ್ಲುತ್ತದೆ ಎಂದಿರಿ. ಸಂಸಾರದ ಮಾತೇ ಇರಬೇಕೆಂದು ನಾನು ತಲೆಯಾಡಿಸಿದೆ.

ಹೊಸೆದ ಹುರಿಗೆ ಜೇನುಮೇಣ ಸವರಿ, ಬಿಗಿಯಾಗಿ ಎಳೆದುಕಟ್ಟಿ ಬಿಡಬೇಕು. ಇಲ್ಲದಿದ್ದರೆ ಸುರುಳಿ ಬೀಳುತ್ತದೆ. ಅಷ್ಟು ಉದ್ದದ ಜಾಗ ನಮ್ಮ ಮನೆಯಲ್ಲಿ ಒಂದೇ. ಅಡುಗೆಮನೆಯ ಗೂಟದಿಂದ ನಡುಮನೆ ದಾಟಿ ಮುಂಬಾಗಿಲಿನ ಚಿಲಕದ ತನಕ. "ನಾ ಬರೂತನಾ ಬಾಗಲಾ ತಗೀಬ್ಯಾಡ್ರಿ, ಹುರಿ ಸಡಲತೈತಿ," ಎಂದು ಅಪ್ಪಣೆ ಕೊಟ್ಟು ನೀವು ರವಿವಾರ ಸಂಜೆಯ ಬಸ್ಸಿಗೆ ನೌಕರಿಯ ಊರು ರಾಮದುರ್ಗಕ್ಕೆ ಹೋಗುವಿರಿ. ನಾವು ಅತ್ತೆ ಸೊಸೆ ಹದಿನೈದು ದಿನ ಹುರಿಯ ಕೆಳಗೆ ಬಗ್ಗಿ ಬಗ್ಗಿ ಓಡಾಡುವೆವು. ಹಾಲಿನವನು, ಬಳೆಗಾರ, ಬೀಗರು, ಎಲ್ಲರೂ ಹಿತ್ತಲಿನಿಂದ, ಎಮ್ಮೆಯ ಬಾಲ ತಪ್ಪಿಸಿಕೊಂಡು ಬರಬೇಕು. ಮತದಾರರ ಯಾದಿ ಮಾಡುವವರು ಬಂದು ಕೂಗಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಮನೆ ಬಂದ್' ಎಂದು ಬರೆದು ಹೋದರು. ಬರೆಯುವ ಸದ್ದು ಒಳಗೆ ನಿಂತ ನನಗೆ ಕೇಳಿಸಿತು. ನಾನು ಒಂದು ಕೈಯನ್ನು ಹುರಿಯ ಮೇಲಿಟ್ಟುಕೊಂಡು ಸುಮ್ಮನೆ ನಿಂತಿದ್ದೆ. ಕರೆದರೆ ಹಿತ್ತಲಿಗೆ ಬರುತ್ತಿದ್ದರೇನೋ. ಯಾಕೆ ಕರೆಯಲಿಲ್ಲ ಎಂದು ಈಗಲೂ ಯೋಚಿಸುತ್ತೇನೆ. ಮನೆ ಬಂದ್ ಎಂದು ನನಗೂ ಅನ್ನಿಸಿರಬೇಕು.

ಇಷ್ಟನ್ನೆಲ್ಲ ಸಹಿಸಿದ್ದು ಒಂದು ಮಾತಿನ ಮೇಲೆ. ಹಡಗು ಮುಗಿಯಲಿ, ರಾಮದುರ್ಗದಲ್ಲಿ ಮನೆ ಮಾಡೋಣ ಎಂದಿದ್ದಿರಿ. ಅಲ್ಲಿಯವರೆಗೆ ನೀವು ಮೂವರು ಬ್ರಹ್ಮಚಾರಿಗಳ ಸಂಗಡ ಒಂದೇ ಖೋಲಿಯಲ್ಲಿ ಒದ್ದಾಡುತ್ತಿದ್ದೀರಿ, ಅದು ಹೆಂಗಸರು ಕಾಲಿಡುವ ಜಾಗವಲ್ಲ. ಆ ಬಡಪಾಯಿಗಳಿಗೆಂದು ನಾನು ಪ್ರತಿಸಲ ರೊಟ್ಟಿಗೆ ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ ಕುಟ್ಟಿ ತುಂಬಿ ಕಳಿಸಿದ್ದೇನೆ. ಡಬ್ಬಿಯನ್ನು ತೊಳೆದು ಕಳಿಸುವಷ್ಟು ಸಂಭಾವಿತ ಬ್ರಹ್ಮಚಾರಿಗಳು.

ಆದರೆ ಹಡಗು ಮುಗಿಯುವುದೆಂದು? ನೀವು ಬರುತ್ತೀರಿ. ಮೊದಲು ಹಗ್ಗ ನೋಡುತ್ತೀರಿ, ಆಮೇಲೆ ನನ್ನನ್ನು. ಒಮ್ಮೆ ಹಗ್ಗ ದಪ್ಪವಾಯಿತು. ಒಮ್ಮೆ ಹೊಳಪು ಹೆಚ್ಚಾಯಿತು. ಒಮ್ಮೆ, "ಖರೆ ಹಗ್ಗಕ್ಕ ತನ್ನ ಭಾರ ಇರತೈತಿ, ಸ್ವಲ್ಪ ಜೋಲಬೇಕು. ಇದು ತಂತಿ ಕಟ್ಟಿದಂಗ ಕಾಣತೈತಿ." ಕತ್ತರಿ ತೆಗೆದು ಕಚಕ್. ಹೋದ ಸಲವಂತೂ ಎಲ್ಲ ಹಗ್ಗ ಏರಿಸಿ ಆಗಿತ್ತು. ನೀವು ಭೂತಗನ್ನಡಿ ಹಿಡಿದು ಬಗ್ಗಿ, "ಹಗ್ಗಕ್ಕ ಕೂದಲಾ ಬಂದಾವ," ಎಂದಿರಿ. ನೂಲಿನ ನವಿರು ಎದ್ದಿದೆ ಎಂದು ಅಷ್ಟನ್ನೂ ಕತ್ತರಿಸಿ, ಮತ್ತೆ ಹೊಸ ಹುರಿ ಹೊಸೆದು ಚಿಲಕಕ್ಕೆ ಕಟ್ಟಿದಿರಿ. ನಾನು ಚಹಾ ಇಡಲು ಎದ್ದೆ. ನಡುಮನೆಯಲ್ಲಿ ಬಗ್ಗಲು ಮರೆತೆ. ಹುರಿ ಗಂಟಲಿಗೆ ಬಿಗಿಯಿತು. ನೀವು ಅಲ್ಲಿಂದಲೇ, "ಹುರಿ ಹರೀತೇನ?" ಎಂದು ಕೇಳಿದಿರಿ. ಇಲ್ಲ ಎಂದೆ.

ಅತ್ತೆಯವರು ಮೂಲೆಯಲ್ಲಿ ಶೇಂಗಾ ಸುಲಿಯುತ್ತ ಎಲ್ಲವನ್ನೂ ನೋಡಿದ್ದರು. ನಿಮ್ಮ ಬಸ್ಸು ಹೋದ ಮೇಲೆ ಕೇಳಿದರು: "ಏನವಾ, ನಮ್ಮ ನಿಜಗುಣಿ ಹಡಗಾ ಕಟ್ಟಾಕ ಹತ್ಯಾನೋ, ಬಿಚ್ಚಾಕ ಹತ್ಯಾನೋ?"

ನಾನು ರಾಮದುರ್ಗದ ಮನೆಯ ಮಾತು ಹೇಳಿದೆ. ಅವರ ಕೈ ಮೊರದಲ್ಲಿಯೇ ನಿಂತಿತು.

"ಮತ್ತ ನೀನ ಒಲ್ಲೆ ಅಂದೆಂತ? ಅತ್ತೀನ ಬಿಟ್ಟ ಬರೂದಿಲ್ಲಂತ ಹಟಾ ಹಿಡದಾಳ ಅಂತ ಹೇಳಿದ್ನಲ್ಲ!"

ನನಗೆ ನೀವು ಹೇಳಿದ್ದು, ಅವ್ವ ಒಬ್ಬಳೇ ಇರುವುದಿಲ್ಲ ಎಂದು. ಹೀಗೆ ನಾನು ಅವರನ್ನು ಕಾಯುತ್ತಿದ್ದೆ, ಅವರು ನನ್ನನ್ನು ಕಾಯುತ್ತಿದ್ದರು, ನಮ್ಮಿಬ್ಬರನ್ನೂ ಒಂದು ಹುರಿ ಕಾಯುತ್ತಿತ್ತು. ಕೈದಿಗಳೇ ಪಾಳಿಯ ಮೇಲೆ ಕಾವಲು ಮಾಡುವ ಜೈಲು ಇನ್ನೆಲ್ಲಿಯೂ ಇರಲಿಕ್ಕಿಲ್ಲ. ಇದರ ವ್ಯವಸ್ಥಾಪಕರಾದ ನಿಮಗೆ ನನ್ನ ಅಭಿನಂದನೆಗಳು.

"ನನಗ ಯಾರ ಕಾವಲಾ ಬೇಕಾಗಿಲ್ಲ," ಎಂದರು ಅತ್ತೆಯವರು. "ಉಗರಗೋಳದಾಗ ನನ್ನ ತಂಗಿ ಬಾಯವ್ವ ಇಲ್ಲಿಗೆ ಬರತೇನಿ ಅಂತ ಯಾವಾಗಿಂದ ಕುಣ್ಯಾಕ ಹತ್ಯಾಳ. ನೀ ಇದ್ದಿ ಅಂತ ಬ್ಯಾಡ ಅಂದಿದ್ನಿ. ತಾ ಇಲ್ಲೆ ಜಗಲಿ ಮ್ಯಾಲಿನ ಆ ನೂಲ."

ಸೀರೆಯನ್ನು ಮೊಣಕಾಲಿಗೆ ಏರಿಸಿ ಕುಳಿತರು. ಕೊರಳಿನ ಲಿಂಗಕ್ಕೆ ಶಿವದಾರ ಹೊಸೆದ ಕೈ ಅದು. ಆದರೆ ಮೊದಲನೆಯ ಹುರಿ ಎತ್ತು ಕಟ್ಟುವಷ್ಟು ದಪ್ಪ ಬಂತು. ಎರಡನೆಯದರ ನವಿರು ಸುಡಲು ನಾನು ದೀಪಕ್ಕೆ ಹಿಡಿದೆ, ನವಿರಿನ ಸಂಗಡ ಹುರಿಯೂ ಹೋಯಿತು. "ಅಡ್ಡಿಯಿಲ್ಲ ಬಿಡ, ಸಮುದ್ರದಾಗ ಬೆಂಕಿ ಬಿದ್ದಿತ್ತ ಅನ್ನೂನು," ಎಂದು ನಕ್ಕರು. ಆಮೇಲೆ ಹುರಿ ತೆಳ್ಳಗಾಗಲೆಂದು ನೂಲಿನ ಒಂದೊಂದೇ ಎಳೆ ತೆಗೆಯುತ್ತ ಹೋದೆವು. ಹುರಿಯನ್ನು ಉರಿಯ ಮೇಲೆ ನಿಲ್ಲಿಸದೆ ಸರಕ್ಕನೆ ಎಳೆದರೆ ನವಿರಷ್ಟೇ ಹೋಗುತ್ತದೆ ಎಂದು ಬೆರಳು ಸುಟ್ಟುಕೊಂಡು ಕಲಿತೆ. ಕಂಬಗಳನ್ನು ಹಿಡಿದಿಡುವ ಹಗ್ಗಕ್ಕೆ ಕಾಡಿಗೆ ಸವರಿ ಕಪ್ಪು ಮಾಡಿದೆ, ಹಾಯಿ ಎಳೆಯುವುದನ್ನು ಬಿಳಿಯೇ ಬಿಟ್ಟೆ. ನೀವು ಗೋಡೆಗೆ ತೂಗುಹಾಕಿದ ಹಡಗಿನ ಕ್ಯಾಲೆಂಡರಿನ ಚಿತ್ರದಲ್ಲಿ ಹಾಗೆಯೇ ಇದೆ. ಹುರಿಗಳನ್ನೆಲ್ಲ ಗಿಡ್ಡ ಗಿಡ್ಡ ಮಾಡಿಕೊಂಡೆವು, ಮಂಚದ ಕಾಲಿನಿಂದ ಕಾಲಿಗೆ ಎಳೆದುಕಟ್ಟಿದರೆ ಸಾಕಾಯಿತು. ನೀವು ಕಟ್ಟಿಹೋದ ಹುರಿಯನ್ನು ಬಿಚ್ಚಿ ಸುತ್ತಿಟ್ಟೆವು, ಮುಂಬಾಗಿಲು ಬೇಕಾಗಲೇ ಇಲ್ಲ. ಇದು ನಿಮಗೆ ಹೊಳೆಯದೆ ಇದ್ದದ್ದು ನನಗೆ ಆಶ್ಚರ್ಯ.

ಗಂಟುಗಳು ಮಾತ್ರ ಅತ್ತೆಯವರವು. ತೊಟ್ಟಿಲು ಕಟ್ಟುವ ಗಂಟು. ಸಮುದ್ರದ ಮೇಲಿನವರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಆ ಗಂಟಿನಲ್ಲಿ ಮಲಗಿ ನೀವು ಒಮ್ಮೆಯೂ ಕೆಳಗೆ ಬಿದ್ದಿಲ್ಲವಂತೆ.

ಇನ್ನು ಕತ್ತರಿಯ ವಿಷಯ. ಈ ಸಲದ ಹಗ್ಗವೆಲ್ಲ ನಿಮ್ಮ ಕೊರಳಿನ ಶಿವದಾರಕ್ಕೆಂದು ಅತ್ತೆಯವರು ದೇವರ ಜಗಲಿಯ ಮೇಲೆ ತೆಗೆದಿಟ್ಟ ನೂಲಿನದು. ಅಂಗಡಿಯ ನೂಲನ್ನು ನೀವು ಅಷ್ಟೊಂದು ಸಲ ಕತ್ತರಿಸಿದ್ದರಿಂದ ಮನೆಯಲ್ಲಿ ಹೊಸೆಯದ ನೂಲು ಬೇರೆ ಉಳಿದಿರಲಿಲ್ಲ. ನಾನು ಹೆದರಿ, "ಅತ್ತಿ, ತಪ್ಪಾಗೂದಿಲ್ಲೇನ್ರಿ?" ಎಂದೆ.

"ಲಿಂಗಕ್ಕ ಏರಸೂತನಾ ಅದು ಬರೇ ನೂಲವಾ," ಎಂದರು. "ಆದರ ಕತ್ತರಿ ಹಚ್ಚಾಂವ ಅದು ಏನಂತ ನನ್ನ ಮುಂದ ನಿಂತ ಹೇಳಿ ಹಚ್ಚಲಿ."

ಶಿವದಾರಕ್ಕೆ ಕತ್ತರಿ ಹಾಕಿದವರನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ. ನೀವು ಮೊದಲಿಗರಾಗಬೇಕೆಂದಿದ್ದರೆ ತಾಯಿಯ ಎದುರಿಗೆ ಆಗಬಹುದು. ಹಗ್ಗ ಜೋಲಿದೆ, ತನ್ನ ಭಾರಕ್ಕೆ ತಾನೇ. ಕೂದಲು ಬಂದಿಲ್ಲ. ಹೊಳಪಿಲ್ಲ. ಭೂತಗನ್ನಡಿಯಲ್ಲಿ ನಾನೇ ನೋಡಿದ್ದೇನೆ.

ನಗೆಯ ಮಾತು ಸಾಕು. ಅತ್ತೆಯವರು ಕೆಟ್ಟವರಲ್ಲ, ಮನೆ ಕೆಟ್ಟದ್ದಲ್ಲ, ನೀವೂ ಕೈ ಎತ್ತಿದವರಲ್ಲ. ಯಾರಿಗೆ ಹೇಳಿದರೂ 'ಮತ್ತೇನಾಗೇತಿ ನಿನಗ?' ಎನ್ನುತ್ತಾರೆ. ಏನೂ ಆಗಿಲ್ಲ. ಮೊನ್ನೆ ಹುರಿ ಇಲ್ಲದ ನಡುಮನೆಯಲ್ಲಿಯೂ ನಾನು ಬಗ್ಗಿಯೇ ದಾಟಿದೆ. ಅತ್ತೆಯವರು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಟ್ರಂಕು ಕೆಳಗಿಳಿಸಿ ಧೂಳು ಕೊಡವಿದರು.

ಬಾಯವ್ವ ಚಿಕ್ಕತ್ತೆ ಬರುವ ರವಿವಾರ ಬರುತ್ತಾರೆ, ಆದ್ದರಿಂದ ಈ ಸಲ ನೀವು ಬರುವ ತೊಂದರೆ ಬೇಡ. ಮರುದಿನ ಸೋಮವಾರ ಮುಂಜಾನೆಯ ಬಸ್ಸಿಗೆ ನಾನು, ಟ್ರಂಕು ಮತ್ತು ಹಡಗು ರಾಮದುರ್ಗಕ್ಕೆ ಹೊರಡುತ್ತೇವೆ. ನಮ್ಮನ್ನು ಏರಿಸಿ ಕೂಡ್ರಿಸಲು ಅತ್ತೆಯವರು ಸ್ವತಃ ಸ್ಟ್ಯಾಂಡಿಗೆ ಬರುವವರಿದ್ದಾರೆ. ಆದ್ದರಿಂದ ಬೇಡವೆಂದು ತಾರು ಕೊಡುವುದಾದರೆ ಅವರ ಹೆಸರಿಗೇ ಕೊಡಿ.

ಇಂತಿ ನಿಮ್ಮ,
ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿರುವ
ವಿಜಯಾ

ತಾ.ಕ.: ಬ್ರಹ್ಮಚಾರಿಗಳ ವಿಷಯ ಬರೆಯುವುದು ಉಳಿಯಿತು. ಶ್ರಾವಣದಲ್ಲಿ ನಮ್ಮ ಚಿಕ್ಕವ್ವನ ಬಸುರಿ ಮಗಳ ಕುಪ್ಪಸದ ಕಾರ್ಯಕ್ಕೆ ನಾನು ರಾಮದುರ್ಗಕ್ಕೆ ಬಂದಿದ್ದೆ. ನಿಮಗೆ ಹೇಳಿರಲಿಲ್ಲ. ಹಿಂಡಿ ಡಬ್ಬಿ ಕೊಟ್ಟು ಹೋಗೋಣವೆಂದು ವಿಳಾಸ ಹುಡುಕಿಕೊಂಡು ಬಂದೆ. ನೀವು ಕಚೇರಿಯಲ್ಲಿದ್ದಿರಿ. ಮನೆಯ ಮಾಲಕಿ ಪದ್ಮವ್ವನವರು, "ಯಾವ ಬ್ರಹ್ಮಚಾರಿಗೋಳ್ರಿ? ಎರಡ ಖೋಲಿ, ಅಡಗಿಮನಿ, ಎಲ್ಲಾ ಅವರೊಬ್ಬರ ಹಿಡದಾರ. ಬಾಗಲಾ ಹಾಕ್ಕೊಂಡ ಕುಂತರ ಇದ್ದಾರೋ ಇಲ್ಲೋ ತಿಳ್ಯೂದಿಲ್ಲ, ಅಷ್ಟ ಶಾಂತ ಮನಷ್ಯಾರು. ನೀವ್ಯಾರ್ರಿ?" ಎಂದರು. ದೂರದ ಸಂಬಂಧಿ ಎಂದೆ. ಸುಳ್ಳು ಹೇಳಿದಂತೆ ಅನ್ನಿಸಲಿಲ್ಲ. ಕಿಟಕಿಯಿಂದ ಇಣುಕಿದಾಗ ಒಲೆಯ ಕಟ್ಟೆಯ ಮೇಲೆ ಇನ್ನೊಂದು ಹಡಗು ಕಂಡಿತು, ಇದಕ್ಕಿಂತ ದೊಡ್ಡದು, ಒಂದೂ ಹಗ್ಗವಿಲ್ಲದ ಬೋಳು ಕಂಬಗಳದ್ದು. ಅಲ್ಲಿ ಕಂಡದ್ದು ಬೇರೆ ಹೆಂಗಸಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪದ್ಮವ್ವನವರು ಕೊಟ್ಟ ಚಹಾ ಕುಡಿದು ಬಂದುಬಿಟ್ಟೆ. ಅತ್ತೆಯವರಿಗೆ ಇದನ್ನು ಇನ್ನೂ ಹೇಳಿಲ್ಲ, ಹೇಳುವ ಪ್ರಸಂಗ ತರಬೇಡಿ. ಒಂದು ಸಣ್ಣ ಉಪಕಾರ ಮಾಡಿ ಸಾಕು. ಸೋಮವಾರದೊಳಗೆ ಆ ಹಡಗನ್ನು ಎತ್ತಿ ಬೇರೆ ಕಡೆ ಇಟ್ಟು, ಒಲೆಯ ಕಟ್ಟೆಯನ್ನು ಒರೆಸಿಡಿ. ಸ್ಟೋವು ನಾನು ತರುತ್ತೇನೆ, ಚಿಮಣಿ ಎಣ್ಣೆ ನೀವು ತಂದಿಡಿ.