ಅವ್ವನ ಲಗ್ನದ ಕಾರ್ಡು

ಅಪ್ಪಾ,

ಕೂತಿದ್ದೀಯೇನು? ನೀನೀಗ ಇರುವ ಕಡೆ ಕುರ್ಚಿ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕೊಟ್ಟಿದ್ದರೆ ಕೂತೇ ಓದು.

ಮೂರು ವಾರದ ಹಿಂದೆ ನಾನು ರೊಟ್ಟಿ ಮುರಿಯುತ್ತಿದ್ದೆ. ಅವ್ವ ಬದನೆಕಾಯಿ ಪಲ್ಯ ನೀಡುತ್ತ, "ಬಸು, ಒಂದ್ ಲಗ್ನದ ಕಾರ್ಡ್ ಬರದ ಕೊಡಪಾ" ಅಂದಳು. ಕಾಲೇಜಿನಲ್ಲಿ ಕನ್ನಡ ಕಲಿಸುವ ತಪ್ಪಿಗೆ ನಮ್ಮೂರು ತಂಬೂರಿನಲ್ಲಿ ನನಗೆ ಇದು ಬಿಟ್ಟಿ ಹುದ್ದೆ. ನಾನು ಅಕ್ಷರ ಹಾಕಿದ ಮೇಲೇ ಮಂದಿ ಅಕ್ಕಿಕಾಳು ಹಾಕುವುದು. "ಯಾರದ ಬೇ ಲಗ್ನಾ?" ಅಂದೆ. "ನಂದ" ಅಂದಳು. ಪಲ್ಯದ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

ವರ ಯಾರು ಅಂತ ಕೇಳಬೇಕಾಗಲಿಲ್ಲ, ತಟ್ಟನೆ ಅವಳ ಕುಪ್ಪಸಗಳು ನೆನಪಾದವು. ನೀನು ಇದ್ದಾಗ ವರ್ಷಕ್ಕೆ ಎರಡು ಹೊಲಿಸುತ್ತಿದ್ದಳು, ಅದೂ ಊರಲ್ಲೇ. ನೀನು ಹೋಗಿ ಐದು ವರ್ಷವಾದ ಮೇಲೆ ಅವಳ ಹೊಲಿಗೆಗಳೆಲ್ಲ ಒಮ್ಮೆಗೇ ಬಿಚ್ಚತೊಡಗಿದವು. "ಹೊಲಿಗಿ ಬಿಚ್ಚೇತಿ, ಅಳ್ನಾವರಕ್ಕ ಹೋಗಿ ಬರ್ತೀನಿ." ಎರಡು ಬಸ್ಸು ಬದಲಿಸಿ! ಯಾವ ದಾರ ಹಾಕುತ್ತಿದ್ದನಪ್ಪಾ ಅಲ್ಲಿಯ ಟೇಲರ್ ಮಾದೇವಪ್ಪ, ಪ್ರತಿ ವಾರ ಬಿಚ್ಚುವಂಥದ್ದು? ಹೆಂಡತಿ ತೀರಿಕೊಂಡ ಮನುಷ್ಯ, ಐವತ್ತೆಂಟು ವಯಸ್ಸು, ಕೊರಳಲ್ಲಿ ಅಳತೆಪಟ್ಟಿ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬಂದಿರಲಿಲ್ಲವೇ ಅಂತ ಈಗ ನನ್ನ ಮೇಲೇ ಅನುಮಾನ.

ಮಾದೇವಪ್ಪ ನಮ್ಮ ಮನೆಗೆ ಬಂದ ದಿನ ನಾನು ಅವನನ್ನು ಮೇಲಿಂದ ಕೆಳಗೆ ನೋಡಿದೆ. ಅವನೂ ನನ್ನನ್ನು ಹಾಗೇ ನೋಡಿದ. ಅದು ಕಸುಬಿನ ರೂಢಿ ಇರಬೇಕು. ಚಹಾ ಕುಡಿದು ಮೆಲ್ಲಗೆ, "ಸರ, ಕಾರ್ಡನ್ಯಾಗ ನಿಮ್ಮ ಅಪ್ಪಾರ ಹೆಸರು ಮ್ಯಾಲ ಇರ್ಲಿ. ಅವರನ್ನ ಮುಚ್ಚಿಟ್ಟು ನಾ ಒಳಗ ಬರೂದು ಬ್ಯಾಡ್ರಿ" ಅಂದ. ಕೇಳಿದೆಯಾ? ಇಷ್ಟು ಒಳ್ಳೆಯತನ ಅಳತೆಗೆ ಸರಿಯಾಗಿ ಹೇಗೆ ಕೂತಿತು? ಅವ್ವನೇ ಹೇಳಿಕೊಟ್ಟಳೋ, ಅಥವಾ…

ಕಾಕಾ ಮರುದಿನವೇ ಬಂದ. ನಿನ್ನ ತಮ್ಮನಿಗೆ ಸುದ್ದಿ ಮುಟ್ಟಲು ಫೋನು ಬೇಕಾಗಿಲ್ಲ ಅನ್ನುವುದು ನಿನಗೆ ಗೊತ್ತಲ್ಲ. "ಗಂಡ ಸತ್ತಾಕಿಗೆ ಉಡಿಕಿ ಮಾಡೂದು ನಮ್ಮ ಹಿರ್ಯಾರ ಕಾಲದಿಂದ ಐತಿ, ನಾ ಬ್ಯಾಡ ಅನ್ನೂದಿಲ್ಲ. ನಾಕ ಮಂದಿ ಕುಂತು, ಒಂದ್ ಸೀರಿ ಉಡಿಸಿ, ಸಪ್ಪಳಿಲ್ಲದ ಕಳಿಸಿ ಬಿಡೂಣು. ಕಾರ್ಡ್ ಯಾಕಲೇ? ಕಾರ್ಡ್ ಹಾಕ್ಸಿ ಮಂದಿಗೆ ಮಾರಿ ತೋರ್ಸಾಕೇನು?" ಒಳಗಿಂದ ಅವ್ವ, "ಮಾರಿ ನಂದೈತಿ, ತೋರಸ್ತೀನಿ" ಅಂದಳು. ಕಾಕಾ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಬರೆಯಲು ಕೂತೆ ಅಪ್ಪಾ, ಸುಳ್ಳು ಹೇಳುವುದಿಲ್ಲ. 'ನಮ್ಮ ಸುಪುತ್ರಿ' ಅನ್ನಲು ಅವ್ವನ ತಂದೆತಾಯಿ ಇಲ್ಲ. 'ನಮ್ಮ ತಾಯಿಯ ವಿವಾಹ' ಅಂತ ಬರೆದರೆ, 'ನೀ ಹುಟ್ಟುವ ಮೊದಲಿನ ಕಾರ್ಡು ಈಗ ಮುಟ್ಟಿತೇನು' ಅಂತ ಮಂದಿ ನನ್ನನ್ನು ಕೇಳುತ್ತಾರೆ. 'ಚಿ. ಸೌ.' ಅಂತ ಬರೆದೆ, ಹೊಡೆದು ಹಾಕಿದೆ. ಹಾಳೆ ಹರಿದೆ. ಒಂದು ವಾರ, ಎರಡು ವಾರ. ಮೂರನೆಯ ವಾರ ಅವ್ವ ಬಂದು ನನ್ನ ಮೇಜಿನ ಮುಂದೆ ನಿಂತಳು.

"ಮಂದಿ ಲಗ್ನಕ್ಕಾದ್ರ ಚಾ ಆರೂದ್ರಾಗ ಬರದ ಕೊಡ್ತಿದ್ದಿ. ನನ್ನ ಪಾಳಿ ಬಂದಾಗ ಅಕ್ಷರ ತೀರಿದ್ವೇನು?"

"ಸರಿಯಾದ ಮಾತು ಸಿಗವಲ್ದು ಬೇ."

"ಮಾತು ಸಿಗತೈತಿ. ಲಗ್ನದ ದಿನಾ ದಾಟಿ ಹೋಗ್ಲಿ ಅಂತ ಕುಂತೀಯಲ್ಲ, ನನಗ ತಿಳಿಯೂದಿಲ್ಲೇನು?"

ಇಷ್ಟು ದಿನ ನಾನು ಮಾದೇವಪ್ಪನನ್ನು, ಕಾಕಾನನ್ನು, ಅವಳ ಹೊಲಿಗೆಯನ್ನು ಸಹ ಅನುಮಾನಿಸಿದ್ದೆ. ಅವಳು ಅನುಮಾನಿಸಿದ್ದು ಒಬ್ಬನನ್ನೇ, ಸರಿಯಾದವನನ್ನೇ.

ನಿನ್ನೆ ಮಧ್ಯಾಹ್ನ ಕಲಘಟಗಿಯ ಪ್ರೆಸ್ಸಿನಿಂದ ರಫೀಕನ ಫೋನು. "ಸರ, ನಿಮ್ಮ ಅವ್ವಾರು ಬಂದು ತಾವ ಹೇಳಿ ಬರಸ್ಯಾರ್ರಿ. ಹಂಗ ಹಾಕ್ಲ್ಯೋ, ನೀವು ತಿದ್ದಿ ಕೊಡ್ತೀರೋ?" ಗಾಡಿ ಹತ್ತಿ ಹೋದೆ. ಹಾಳೆಯಲ್ಲಿ ಇದ್ದದ್ದು ಇಷ್ಟೇ: 'ತಂಬೂರ ಗಂಗವ್ವ ಆದ ನಾನು ಅಳ್ನಾವರದ ಟೇಲರ್ ಮಾದೇವಪ್ಪ ಅವರನ್ನ ಲಗ್ನ ಆಗಾಕತ್ತೀನಿ. ಸೋಮವಾರ, ನಮ್ಮ ಮನಿ ಮುಂದ, ಹಗಲು ಹನ್ನೊಂದಕ್ಕ. ಎಲ್ಲಾರೂ ಬರ್ರಿ. ಆಡಿಕೊಳ್ಳವ್ರು ಉಂಡ ಮ್ಯಾಲ ಆಡಿಕೊಳ್ರಿ.' ಅದರ ಕೆಳಗೆ 'ಕರೆಯುವವರು' ಅಂತ ಇತ್ತು. ಮುಂದೆ ಖಾಲಿ.

"ಇಲ್ಲೇನು?" ಅಂದೆ. ರಫೀಕ ತಲೆ ಕೆರೆದುಕೊಂಡ. "ಸಂಜಿ ಆಗೂದ್ರೊಳಗ ಮಗ ಬಂದ್ರ ಅವನ ಹೆಸರು ಹಾಕು, ಬರ್ಲಿಲ್ಲಂದ್ರ ನಂದ ಹಾಕು ಅಂದಾರ್ರಿ."

ಪೆನ್ನು ಇಸಿದುಕೊಂಡು ನನ್ನ ಹೆಸರು ಬರೆದೆ. ಬೇರೆ ಒಂದಕ್ಷರವನ್ನೂ ಮುಟ್ಟಲಿಲ್ಲ. ಸಂಜೆ ಕಾರ್ಡಿನ ಕಟ್ಟು ತಂದು ಕೊಟ್ಟಾಗ ಅವ್ವ ಕಡೆಯ ಸಾಲನ್ನೇ ಮೊದಲು ನೋಡಿದಳು. ನೋಡಿ, ಕಾರ್ಡಿನ ಮೇಲೆ ಬೆರಳಾಡಿಸಿ, "ಛಾಪಾ ಚೊಲೋ ಬಂದೈತಿ" ಅಂದಳು, ಅಷ್ಟೇ.

ನಿನ್ನ ಹೆಸರು ಕಾರ್ಡಿನಲ್ಲಿ ಇಲ್ಲ ಅಪ್ಪಾ. ಕೇಳಿದೆ ನಾನು. "ಮೂವತ್ತ ವರ್ಷ ಅವರ ಹೆಸರಿನ ಬಾಜೂಕ ನನ್ನ ಹೆಸರಿತ್ತು. ಎಂದೂ ಬ್ಯಾಡ ಅಂದಿಲ್ಲ. ಇದೊಂದು ಹಾಳಿ ನಂದ ಇರ್ಲಿ" ಅಂದಳು. ನಿನಗೆ ಬೇಜಾರಾಯಿತೇ? ನನಗೆ ತುಸು ಆಯಿತು. ಆಮೇಲೆ ಸರಿ ಅನ್ನಿಸಿತು.

ನಾಳೆ ಊರೊಳಗೆ ಕಾರ್ಡು ಹಂಚಲು ನಾನೇ ಹೊರಡುತ್ತೇನೆ, ಬಿಸಿಲೇರಿ ಎಲ್ಲರೂ ಕಟ್ಟೆಗೆ ಬಂದು ಕೂತ ಮೇಲೆ. ಮಾದೇವಪ್ಪನ ಮೇಲಿನ ಅನುಮಾನ ಮಾತ್ರ ಇನ್ನೂ ಹೋಗಿಲ್ಲ. ಅದನ್ನು ಬಿಡುವುದೂ ಇಲ್ಲ, ಮಾತು ಕೊಡುತ್ತೇನೆ. ಅವ್ವನ ಕಡೆಯಿಂದ ಯಾರಾದರೊಬ್ಬರು ಅವನನ್ನು ಅನುಮಾನದಿಂದ ನೋಡುತ್ತಿರಬೇಕಲ್ಲ. ನೀನಂತೂ ಇಲ್ಲ.

ನಿನ್ನ ಬಸು