ಪಾಪು ಹಾಲಿಗೆ ಕ್ಯಾನ್ ನೀರು ಮಾತ್ರ

ಅತ್ತೆ,

ಮಲಗಿದ್ರಿ, ಎಬ್ಬಿಸಲಿಲ್ಲ. ಇವತ್ತಿಂದ ನಾನು ಮತ್ತೆ ಕೆಲಸಕ್ಕೆ.

ಫ್ರಿಜ್ಜಲ್ಲಿ ನನ್ನ ಹಾಲು ಹಿಂಡಿಟ್ಟಿದ್ದೀನಿ. ಪಾಪುಗೆ ಮೊದಲು ಅದನ್ನೇ ಕೊಡಿ. ಒಲೆ ಮೇಲಿಡಬೇಡಿ, ಬಾಟಲಿಯನ್ನ ಬಿಸಿನೀರಲ್ಲಿ ಇಟ್ಟರೆ ಸಾಕು. ಸಾಲದಿದ್ರೆ ಡಬ್ಬಿಯ ಹಾಲಿನ ಪುಡಿ ಕಲಸಿ. ಅದಕ್ಕೆ ಕ್ಯಾನ್ ನೀರು ಮಾತ್ರ, ಒಂದು ಕುದಿ ಬಂದ ಕೂಡಲೇ ಇಳಿಸಿ.

ಬೋರ್ ನೀರು ಬೇಡ. ದಮ್ಮಯ್ಯ, ಬೇಡ. ‘ಕುದಿಸಿದ್ರೆ ಏನೂ ಆಗಲ್ಲ’ ಅಂತ ಮತ್ತೆ ಶುರು ಮಾಡಬೇಡಿ. ಆ ನೀರಿಗೆ ಹೊಲದ ಗೊಬ್ಬರ ಇಳಿದಿದೆ, ಕುದಿಸಿದಷ್ಟೂ ವಿಷ ಗಟ್ಟಿಯಾಗುತ್ತೆ, ಎಳೆಮಗು ಮೈ ನೀಲಿಗಟ್ಟುತ್ತೆ ಅಂತ ಡಾಕ್ಟರ್ ಹೇಳಿದಾಗ ನೀವೂ ಅಲ್ಲೇ ಇದ್ರಿ. ಪಾಪುವಿನ ಅಣ್ಣನಿಗೆ ಒಳ್ಳೇದಾಗಲಿ ಅಂತಲೇ ನೀವು ಅದನ್ನ ಅರ್ಧಕ್ಕಿಳಿಯೋವರೆಗೂ ಕುದಿಸ್ತಿದ್ರಿ, ಗೊತ್ತು. ಬೈಯೋಕೆ ಬರೀತಿಲ್ಲ. ಅವನು ನೀಲಿಗಟ್ಟಿ ಉಸಿರು ಬಿಟ್ಟಾಗ ನಾವಿಬ್ರೂ ಪಕ್ಕದಲ್ಲೇ ಇದ್ವಿ.

ತೊಟ್ಟಿಲ ಹತ್ರದ ನೀಲಿ ಪರದೆ ತೆಗೆದು ಬೀರುವಿನಲ್ಲಿಟ್ಟಿದ್ದೀನಿ. ಬೆಳಿಗ್ಗೆ ಅದರಿಂದ ಬಿಸಿಲು ಹಾದು ಇವಳ ಮುಖದ ಮೇಲೆ ನೀಲಿಯಾಗಿ ಬಿತ್ತು, ಎತ್ಕೊಂಡು ಬೆಳಕಿಗೆ ಓಡಿದೆ. ಮತ್ತೆ ಹಾಕಬೇಡಿ.

ಇವಳ ತುಟಿ ಕೆಂಪಗಿದೆ. ಬಾಗಿಲವರೆಗೂ ಹೋಗಿ, ವಾಪಸ್ ಬಂದು ಇನ್ನೊಂದು ಸಲ ನೋಡಿದೆ. ಎದ್ದ ಕೂಡಲೇ ನೀವೂ ನೋಡ್ತೀರಿ. ನೋಡಿದ ಮೇಲೆ ಫೋನ್ ಮಾಡಿ. ‘ಕೆಂಪಗಿದೆ’ ಅಂತ ಒಂದು ಮಾತು ಹೇಳಿ, ಸಾಕು.